ಬಿಚ್ಚಿ ನೋಡ್ರಿ

ಹೋದ ಬೇಸಿಗೆಯ ಎರಡು ತಿಂಗಳು ಬಾಗಲಕೋಟೆ ನವನಗರದ ನಮ್ಮ ಮನೆಯ ಪಾವಟಿಗೆ ಕೆಳಗೆ ಒಂದು ಯೆಜ್ಡಿ ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದೆ. ನನ್ನ ಪಿಎಚ್‌ಡಿಯ ಮೂರನೆಯ ಅಧ್ಯಾಯ ನಿಂತಲ್ಲೇ ನಿಂತಿತ್ತು. ಅಧ್ಯಾಯದ ವಿಷಯ ನೈತಿಕ ಹೊಣೆಗಾರಿಕೆ. ಬರೆಯಲಾರದವನು ಸ್ಪ್ಯಾನರ್ ಹಿಡಿದು ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಅರ್ಧ ನಿಜ. ಅವ್ವ ಮಾತ್ರ ಬಾಯಿಬಿಟ್ಟೇ ಹೇಳಿದಳು: "ಓದಾಕ ಧಾರವಾಡಕ್ಕ ಕಳಿಸಿದ್ರ ಗ್ಯಾರೇಜ್ ಕಲ್ತು ಬಂದಾನ."

ಗಾಡಿ ಹುನಗುಂದದ ನಮ್ಮ ಕಾಕಾನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್, 250 ಸಿಸಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ರುಸ್ತುಂ ಮತ್ತು ಫಾರೂಕ್ ಇರಾನಿ ಕಟ್ಟಿದ ಆ ಕಾರ್ಖಾನೆ 1960ರ ದಶಕದ ಆರಂಭದಿಂದ ಗಾಡಿ ಮಾಡುತ್ತ ಬಂದು 1996ರಲ್ಲಿ ಬಾಗಿಲು ಹಾಕಿತು. ಕಿಕ್ ಹೊಡೆಯುವ ಕೋಲನ್ನೇ ಮಡಚಿ ಗೇರ್ ಹಾಕುವ ಈ ಗಾಡಿಯನ್ನು ಓಡಿಸಲು ಹೊಸಬರಿಗೆ ಕೊಟ್ಟರೆ ಮೊದಲು ನಗುತ್ತಾರೆ, ಆಮೇಲೆ ಬೆವರುತ್ತಾರೆ. ನಮ್ಮ ಕಾಕಾನ ಗಾಡಿ ಹನ್ನೊಂದು ವರ್ಷ ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಗೊಬ್ಬರದ ಚೀಲ ಹೊದ್ದುಕೊಂಡು ನಿಂತಿತ್ತು. ಎಂಜಿನ್ ಜಾಮ್ ಆಗಿತ್ತು. ಅದನ್ನು ಜಾಮ್ ಮಾಡಿದವನು ನಾನು.

ಇದನ್ನು ಹೀಗೆ ಒಂದು ವಾಕ್ಯದಲ್ಲಿ ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ನಾನಾಗ ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಜನವರಿ, ಬಾದಾಮಿಯ ಬನಶಂಕರಿ ಜಾತ್ರೆ. ನಮ್ಮ ಕಡೆಯವರಿಗೆ ಆ ಜಾತ್ರೆಯೆಂದರೆ ತೇರು ಎಷ್ಟೋ ನಾಟಕವೂ ಅಷ್ಟೇ; ವೃತ್ತಿ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ, ತಿಂಗಳುಗಟ್ಟಲೆ ಆಟ ನಡೆಯುತ್ತದೆ. ಕಾಕಾನ ಕಾಲು ಹಿಡಿದು ಗಾಡಿ ಇಸಕೊಂಡು ಗೆಳೆಯನೊಬ್ಬನನ್ನು ಹಿಂದೆ ಕೂರಿಸಿಕೊಂಡು ಹುನಗುಂದದಿಂದ ಹೊರಟೆ. ಬರುವಾಗ ಪೆಟ್ರೋಲಿಗೂ ಆಯಿಲ್ ಪಾಕೀಟಿಗೂ ಆಗುವಷ್ಟು ದುಡ್ಡು ಕಾಕಾ ಎಣಿಸಿ ಕೊಟ್ಟಿದ್ದ. "ಬರೇ ಪೆಟ್ರೋಲ್ ಹಾಕಿ ಓಡಿಸಿಗಿಡಿಸೀ ಮತ್ತ" ಎಂದೂ ಹೇಳಿದ್ದ. ಆಯಿಲಿನ ದುಡ್ಡು ನಾಟಕದ ಎರಡನೆಯ ಟಿಕೆಟ್ಟಿಗೆ ಹೋಯಿತು. ಟ್ಯಾಂಕಿನ ತಳದಲ್ಲಿ ಮೊದಲಿನ ಎಣ್ಣೆ ಇದ್ದೇ ಇರುತ್ತದೆ, ಒಂದು ಸಲಕ್ಕೆ ಏನಾದೀತು ಎಂದುಕೊಂಡೆ. ನಡುರಾತ್ರಿ ದಾಟಿದ ಮೇಲೆ, ಅಮೀನಗಡ ಇನ್ನೂ ಮುಂದಿರುವಾಗ, ಎಂಜಿನ್ನಿನ ದನಿ ಒಂದು ನಮೂನೆ ಒಣಗಿದಂತಾಯಿತು. ಆಮೇಲೆ ಹಿಂದಿನ ಗಾಲಿ ತಟ್ಟನೆ ಬಿಗಿದುಕೊಂಡು ಡಾಂಬರಿನ ಮೇಲೆ ಉಜ್ಜುತ್ತ ಹೋಯಿತು. ಕ್ಲಚ್ ಹಿಡಿಯುವಷ್ಟು ಬುದ್ಧಿ ಹೇಗೆ ಬಂತೋ, ಬೀಳಲಿಲ್ಲ.

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಇಳಕಲ್ಲಿನ ಒಬ್ಬ ಮಿಸ್ತ್ರಿ ಆ ಎಂಜಿನ್ನಿಗೆ ಹೊಸ ರಿಂಗ್ ಹಾಕಿದ್ದರು. ಸುತ್ತಲಿನ ನಾಲ್ಕು ಊರಿನ ಯೆಜ್ಡಿ, ಜಾವಾಗಳೆಲ್ಲ ಅವರ ಅಂಗಡಿಗೇ ಹೋಗುತ್ತಿದ್ದವು. ಕಾಕಾ ಸಿಟ್ಟಿನ ಮನುಷ್ಯ. ಮರುದಿನವೇ ಅವರನ್ನು ಹುನಗುಂದಕ್ಕೆ ಕರೆಸಿ ಓಣಿಯ ಮಂದಿಯ ಎದುರಿಗೆ ಬಾಯಿಗೆ ಬಂದಂತೆ ಅಂದ. ಮಿಸ್ತ್ರಿ ಬಗ್ಗಿ ಪ್ಲಗ್ ತೆಗೆದು ನೋಡಿ, ಎದ್ದು, ನನ್ನ ಕಡೆ ತಿರುಗಿ ಕೇಳಿದರು: "ಎಣ್ಣಿ ಹಾಕಿದ್ದೇನು ತಮ್ಮಾ?"

"ಹಾಕೀನ್ರಿ" ಎಂದೆ.

"ಬಿಚ್ಚಿ ನೋಡ್ರಿ ಹಂಗಾರ," ಅವರು ಕಾಕಾನಿಗೆ ಹೇಳಿದರು. "ಇಲ್ಲೇ ನಿಮ್ಮ ಮುಂದನ ಬಿಚ್ಚತೀನಿ. ನಂದು ತಪ್ಪಿದ್ರ ಎಲ್ಲಾ ಫುಕ್ಕಟ ಮಾಡಿ ಕೊಡ್ತೀನಿ."

ಕಾಕಾ ಬಿಚ್ಚಲು ಬಿಡಲಿಲ್ಲ. ಇನ್ನೊಮ್ಮೆ ಈ ಗಾಡಿಗೆ ಕೈ ಹಚ್ಚಬೇಡ ಎಂದ. ಅಲ್ಲಿಂದ ಮುಂದೆ ಚಹಾದ ಅಂಗಡಿಯಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಯೆಜ್ಡಿಯ ಮಾತು ಬಂದಲ್ಲೆಲ್ಲ ಕಾಕಾ ಈ ಕತೆ ಹೇಳಿದ. ಎರಡು ಮೂರು ವರ್ಷದಲ್ಲಿ ಮಿಸ್ತ್ರಿಯ ಅಂಗಡಿ ಮುಚ್ಚಿತು. ಹಳೆಯ ಗಾಡಿಗಳೇ ಕಡಿಮೆಯಾಗುತ್ತಿದ್ದ ಕಾಲ ಅದು. ಕಾಕಾನ ಬಾಯಿಂದಲೇ ಮುಚ್ಚಿತು ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಈಗ ಇದ್ದಕ್ಕಿದ್ದಂತೆ ಯೆಜ್ಡಿಗೆ ಬೆಲೆ ಬಂದಿದೆ. ಜಾವಾ, ಯೆಜ್ಡಿ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದ ಮೇಲೆ ಹಳೆಯವನ್ನು ಹುಡುಕಿಕೊಂಡು ಬರುವವರು ಹೆಚ್ಚಾದರು. ಹುಬ್ಬಳ್ಳಿಯಿಂದ ಯಾರೋ ಬಂದು ಕಾಕಾನ ಗಾಡಿಗೆ ರೇಟು ಕಟ್ಟಿ ಹೋದರೆಂದು ತಿಳಿದ ದಿನವೇ ನಾನು ಹುನಗುಂದಕ್ಕೆ ಹೋಗಿ, ಎಂಜಿನ್ ನಾನೇ ಮಾಡಿಸುತ್ತೇನೆ, ಮಾರಬೇಡ ಎಂದೆ. ಕಾಕಾನಿಗೆ ಖುಷಿಯಾಯಿತು, ತಮ್ಮನ ಮಗನಿಗೆ ಹಳೆಯದರ ಮೇಲೆ ಪ್ರೀತಿ ಎಂದುಕೊಂಡ. ಪ್ರೀತಿ ಇತ್ತೋ ಇಲ್ಲವೋ, ಬೇರೆ ಯಾರೋ ಆ ಎಂಜಿನ್ ಬಿಚ್ಚುತ್ತಾರೆ ಎಂಬ ಅಂಜಿಕೆ ಇತ್ತು. ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ, ಟಂಟಂನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ತಂದೆ.

ಎರಡು ಸ್ಟ್ರೋಕಿನ ಎಂಜಿನ್ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಇಂದಿನ ಬೈಕುಗಳ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಅದೇ ಎಲ್ಲ ಭಾಗಗಳಿಗೆ ಹರಿದು ಮತ್ತೆ ತಳಕ್ಕೆ ಬರುತ್ತದೆ. ಎರಡು ಸ್ಟ್ರೋಕಿನಲ್ಲಿ ಆ ತಳವೇ ಉಸಿರಾಡುವ ಚೀಲ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕೋಣೆಗೆ ಗಾಳಿ-ಪೆಟ್ರೋಲಿನ ಮಿಶ್ರಣ ಎಳೆಯಲ್ಪಡುತ್ತದೆ. ಇಳಿದಾಗ ಅದೇ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲೆ ನುಗ್ಗುತ್ತದೆ. ಅಲ್ಲಿ ಎಣ್ಣೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರಿನಂತೆ. ಅದು ಬೇರಿಂಗಿಗೂ ಪಿಸ್ಟನ್ನಿಗೂ ಹೋಗುವ ದಾರಿಯಲ್ಲಿ ತೇವ ಕೊಟ್ಟು ಕೊನೆಗೆ ತಾನೂ ಸುಟ್ಟು ನೀಲಿ ಹೊಗೆಯಾಗುತ್ತದೆ. ಲೂನಾ ಹೀಗೆಯೇ ಓಡಿತು, ಹಳೆಯ ಆಟೋಗಳು ಹೀಗೆಯೇ ಓಡಿದವು, ಕಡಲಲ್ಲಿ ಆಡುವ ಜೆಟ್ ಸ್ಕೀಗಳು ಬಹುಕಾಲ ಹೀಗೆಯೇ ಓಡಿದವು, ನಮ್ಮ ಹೊಲಗಳಲ್ಲಿ ಬೆನ್ನಿಗೆ ಹೊತ್ತು ಔಷಧ ಹೊಡೆಯುವ ಪಂಪುಗಳಲ್ಲಿ ಎಷ್ಟೋ ಇವತ್ತಿಗೂ ಹೀಗೆಯೇ ಓಡುತ್ತವೆ. ಆ ಹೊಗೆ ಒಳ್ಳೆಯದಲ್ಲ, ಈ ಎಂಜಿನ್ನುಗಳು ರಸ್ತೆಯಿಂದ ಹೋದದ್ದು ನ್ಯಾಯವೇ. ವರ್ಷಕ್ಕೆ ನಾಲ್ಕು ದಿನ ಹೊರಗೆ ತೆಗೆಯುವ ಗಾಡಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಉತ್ತರವಲ್ಲ ಎಂದು ಗೊತ್ತು.

ಹೆಡ್ ಸುಲಭವಾಗಿ ಬಂತು. ಬ್ಲಾಕ್ ಬರಲಿಲ್ಲ. ಪಿಸ್ಟನ್ ಅರ್ಧಕ್ಕೆ ಸಿಕ್ಕಿಕೊಂಡು ಸುತ್ತ ತುಕ್ಕು ಹಿಡಿದಿತ್ತು. ಡೀಸೆಲ್ ತುಂಬಿಸಿ ಒಂದು ವಾರ ಬಿಟ್ಟೆ. ದಿನಾ ಬೆಳಿಗ್ಗೆ ಬೇವಿನ ಕಟ್ಟಿಗೆಯ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಮತ್ತೆ ಡೀಸೆಲ್ ಹಾಕುವುದು. ಎಂಟನೆಯ ದಿನ ಅದು ಒಂದು ಕೂದಲಿನಷ್ಟು ಸರಿಯಿತು. ಆ ಸಂಜೆಯೇ ಬ್ಲಾಕ್ ಕೈಗೆ ಬಂತು, ಪಿಸ್ಟನ್ ಕಾಣಿಸಿತು.

ಎಂಜಿನ್ ಹಿಡಿದುಕೊಳ್ಳಲು ಹಲವು ಕಾರಣಗಳಿರುತ್ತವೆ, ಒಂದೊಂದೂ ಪಿಸ್ಟನ್ನಿನ ಮೇಲೆ ತನ್ನ ಬರಹ ಬಿಟ್ಟು ಹೋಗುತ್ತದೆ. ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್ ಸೀಳಿ ಹೊರಗಿನ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಕಾವು ಏರುತ್ತದೆ. ಆಗ ಗೀರುಗಳು ಹೆಚ್ಚಾಗಿ ಹೊಗೆ ಹೋಗುವ ಕಿಂಡಿಯ ಕಡೆ ಇರುತ್ತವೆ. ರಿಂಗ್ ತಪ್ಪು ಕೂಡಿಸಿದ್ದರೆ ಬೇರೆ ಗುರುತು. ಎರಡು ಸ್ಟ್ರೋಕಿನ ಪಿಸ್ಟನ್ನಿನ ಗಾಡಿಯಲ್ಲಿ (ರಿಂಗ್ ಕೂರುವ ಸುತ್ತುಗಾಲುವೆಗೆ ನಮ್ಮ ಮಿಸ್ತ್ರಿಗಳು ಗಾಡಿ ಎನ್ನುತ್ತಾರೋ ಗಾಳಿ ಎನ್ನುತ್ತಾರೋ ನನಗೆ ಪ್ರತಿಸಲ ಗೊಂದಲ, ಗೀರು ಎನ್ನೋಣ) ಒಂದು ಸಣ್ಣ ಪಿನ್ ಇರುತ್ತದೆ. ರಿಂಗಿನ ಎರಡು ತುದಿಗಳು ಆ ಪಿನ್ನಿನ ಎರಡೂ ಬದಿಗೆ ಬಂದು ಕೂರಬೇಕು. ಕೂರದಿದ್ದರೆ ತುದಿ ಕಿಂಡಿಗೆ ಸಿಕ್ಕಿ ರಿಂಗ್ ಮುರಿಯುತ್ತದೆ, ಕಿಂಡಿಯ ಅಂಚು ಚೂರಾಗುತ್ತದೆ. ಎಣ್ಣೆಯೇ ಇಲ್ಲದೆ ಓಡಿದ್ದರೆ ಗೀರು ಒಂದೇ ಕಡೆ ಇರುವುದಿಲ್ಲ. ಸುತ್ತಲೂ, ಒಳಬರುವ ಕಿಂಡಿಯ ಕಡೆಯೂ, ಪಿಸ್ಟನ್ನಿನ ಮೈ ಉಜ್ಜಿ ಅಲ್ಯುಮಿನಿಯಂ ಬ್ಲಾಕಿಗೆ ಮೆತ್ತಿಕೊಂಡಿರುತ್ತದೆ. ಕೆಳಗೆ ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್ ಕಾದು ಉಕ್ಕು ನೀಲಿಗಟ್ಟಿರುತ್ತದೆ.

ನನ್ನ ಕೈಯಲ್ಲಿದ್ದ ಪಿಸ್ಟನ್ ಸುತ್ತಲೂ ಗೀರಿತ್ತು. ರಾಡಿನ ಬುಡ ನೀಲಿಗಟ್ಟಿತ್ತು. ರಿಂಗುಗಳು ತುಕ್ಕಿನಲ್ಲಿ ಅಂಟಿದ್ದವು, ಆದರೆ ಮುರಿದಿರಲಿಲ್ಲ. ತುದಿಗಳು ಪಿನ್ನಿನ ಎಡಬಲಕ್ಕೆ ಎಲ್ಲಿ ಕೂರಬೇಕೋ ಅಲ್ಲೇ ಕೂತಿದ್ದವು. ಮಿಸ್ತ್ರಿ ತಮ್ಮ ಕೆಲಸವನ್ನು ಒಂದು ಕೂದಲೂ ತಪ್ಪದಂತೆ ಮಾಡಿದ್ದರು. ಅವರು ಬಿಚ್ಚಿ ನೋಡ್ರಿ ಎಂದದ್ದು ಜಂಬದಿಂದಲ್ಲ. ಒಳಗೆ ಏನು ಬರೆದಿದೆ ಎಂದು ನೋಡದೆಯೇ ಅವರಿಗೆ ಗೊತ್ತಿತ್ತು.

ನಾನು ಎಂಜಿನ್ ಕೆಲಸ ಹಿಡಿದದ್ದು ತಿಳಿದು ಧಾರವಾಡದ ಗೆಳೆಯನೊಬ್ಬ ರಾಬರ್ಟ್ ಪಿರ್ಸಿಗ್ 1974ರಲ್ಲಿ ಬರೆದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' ಪುಸ್ತಕ ಕೊಟ್ಟಿದ್ದ. ಅದರಲ್ಲೂ ಎಂಜಿನ್ ಹಿಡಿದುಕೊಳ್ಳುವ ಪ್ರಸಂಗ ಬರುತ್ತದೆ. ನಿರೂಪಕ ಗಾಡಿಯನ್ನು ಅಂಗಡಿಗೆ ಒಯ್ಯುತ್ತಾನೆ, ಅಲ್ಲಿನ ಹುಡುಗರು ರೇಡಿಯೋ ಹಾಕಿಕೊಂಡು ಮೈಮೇಲೆ ಎಚ್ಚರವಿಲ್ಲದೆ ಕೆಲಸ ಮಾಡಿ ಇದ್ದದ್ದನ್ನೂ ಕೆಡಿಸುತ್ತಾರೆ. ಕೊನೆಗೆ ಎಣ್ಣೆ ಹಾಯಿಸುವ ವ್ಯವಸ್ಥೆಯ ಒಂದು ಪುಟ್ಟ ಪಿನ್ ತುಂಡಾದದ್ದೇ ಮೂಲ ಎಂದು ಆತ ತಾನೇ ಕಂಡುಹಿಡಿಯುತ್ತಾನೆ. ಓದುವವರೆಲ್ಲ ಆ ನಿರೂಪಕನ ಪಕ್ಷ ವಹಿಸುತ್ತೇವೆ. ಕಾಳಜಿಯುಳ್ಳ ಮಾಲೀಕ, ಕಾಳಜಿಯಿಲ್ಲದ ಮೆಕ್ಯಾನಿಕ್. ಓದಿದವರು ಬರೆದ ಪುಸ್ತಕಗಳಲ್ಲಿ ಬಹುಶಃ ಹೀಗೆಯೇ ಇರುತ್ತದೆ. ನಮ್ಮ ಮನೆಯ ಕತೆಯಲ್ಲಿ ಕಾಳಜಿ ಅಂಗಡಿಯವರ ಕಡೆ ಇತ್ತು. ಆ ಕತೆಯನ್ನು ಬರೆಯುವವನು ಮಾತ್ರ ಈ ಕಡೆಯವನು.

ತತ್ವಶಾಸ್ತ್ರ ಓದುವವನು ಹಳೆಯ ಯಂತ್ರದ ಭಾಗ ಬದಲಿಸಲು ಕೂತರೆ ಕೇಳಬೇಕಾದ ಪ್ರಶ್ನೆ ಮೊದಲೇ ಸಿದ್ಧವಾಗಿರುತ್ತದೆ. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅದೇ ಹಡಗೇ ಎಂದು ಪ್ಲುಟಾರ್ಕ್ ಕೇಳಿಸುತ್ತಾನೆ. ತೆಗೆದ ಹಳೆಯ ಹಲಗೆಗಳನ್ನೇ ಕೂಡಿಸಿ ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ ಯಾವುದು ಮೂಲ ಎಂದು ಹಾಬ್ಸ್ 1655ರಲ್ಲಿ ಸಿಕ್ಕು ಹೆಚ್ಚಿಸುತ್ತಾನೆ. ಮಿಲಿಂದನ ರಥ ನಮ್ಮ ಕಡೆಯದು. ತರಗತಿಯಲ್ಲಿ ಇದನ್ನು ಹೇಳುವಾಗ ಎಲ್ಲರ ಕಣ್ಣು ಅರಳುತ್ತದೆ. ನನಗೂ ಅರಳುತ್ತಿತ್ತು.

ಬಾಗಲಕೋಟೆಯವರಿಗೆ ಈ ಒಗಟು ಪುಸ್ತಕದಲ್ಲಿ ಓದಬೇಕಾದದ್ದಲ್ಲ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಹತ್ತಿಬಂದು ಹಳೆಯ ಊರಿನ ದೊಡ್ಡ ಭಾಗವನ್ನು ತಿಂದಿತು. ನಾವು ಸೆಕ್ಟರು, ಪ್ಲಾಟು ನಂಬರುಗಳಿರುವ ನವನಗರಕ್ಕೆ ಬಂದೆವು. ಬರುವಾಗ ಜನ ಮನೆಯ ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು ಬಂದರು. ನಮ್ಮ ಮನೆಯ ಮುಂಬಾಗಿಲು ಇವತ್ತಿಗೂ ಹಳೆಯ ಮನೆಯದೇ. ಹೊಸ ಗೋಡೆಗೆ ಸ್ವಲ್ಪ ಗಿಡ್ಡಾಗಿದೆ, ಎತ್ತರದ ನೆಂಟರು ತಲೆ ಬಡಿಸಿಕೊಳ್ಳುತ್ತಾರೆ. ಹಾಬ್ಸ್‌ನ ಎರಡನೆಯ ಹಡಗು ಎಂದರೆ ಇದೇ. ಯಾವುದು ನಿಜವಾದ ಬಾಗಲಕೋಟೆ ಎಂದು ನಾನು ಬಿಎ ಓದುವಾಗ ಆಯಿಯನ್ನು ಒಮ್ಮೆ ಉತ್ಸಾಹದಿಂದ ಕೇಳಿದ್ದೆ. ಅವಳು ಜೋಳ ಕೇರುತ್ತಿದ್ದಳು. "ಊರು ಅದನೋ ಇದನೋ ಅಂತ ಎಲ್ಲಾರೂ ಕೇಳ್ತೀರಿ. ನಮ್ಮನ್ನ ಯಾಕ ಎಬ್ಬಿಸಿದ್ರು ಅಂತ ಕೇಳವಲ್ರಿ" ಎಂದಳು.

ಅವಳ ಮಾತು ನನಗೆ ಅರ್ಥವಾದದ್ದು ಈ ಪಿಸ್ಟನ್ ಕೈಗೆ ಬಂದಾಗ. ಇದು ಅದೇ ಎಂಜಿನ್ನೇ ಎಂಬ ಪ್ರಶ್ನೆ ನನಗೆ ಹಿತವಾಗಿತ್ತು. ಅದರಲ್ಲಿ ಯಾರ ಹೆಸರೂ ಬರುವುದಿಲ್ಲ. ಹಲಗೆಗಳು ಏಕೆ ಮುರಿದವು, ಮುರಿದವರು ಯಾರು, ಅದಕ್ಕೆ ಬೈಸಿಕೊಂಡವರು ಯಾರು ಎಂದು ಥೀಸಿಯಸ್‌ನ ಹಡಗಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ರಿಪೇರಿ ಮಾಡುವವನು ಮೊದಲು ಕೇಳುವುದೇ ಅದನ್ನು. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಸೀಲ್ ಸೋರುತ್ತಿದ್ದರೆ ಸೀಲ್ ಬದಲಿಸಬೇಕು, ಎಣ್ಣೆ ಹಾಕದ ಹುಡುಗನಿದ್ದರೆ ಹುಡುಗನನ್ನು ಹಿಡಿಯಬೇಕು.

ಮುಂದಿನ ಕೆಲಸ ನನ್ನನ್ನು ಇನ್ನಷ್ಟು ಇಕ್ಕಟ್ಟಿಗೆ ಹಾಕಿತು. ಬ್ಲಾಕನ್ನು ಲೇತ್‌ನವರ ಹತ್ತಿರ ಒಯ್ದೆ. 65 ಮಿಲಿಮೀಟರಿನ ಬೋರು. ಗೀರು ಆಳವಿದ್ದುದರಿಂದ ಅರ್ಧ ಮಿಲಿಮೀಟರು ಹೆಚ್ಚು ಕೊರೆದು ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕೆಂದರು. ಯಂತ್ರ ತಿರುಗಿತು. ಗೀರುಗಳೆಲ್ಲ ಕರಿ ಪುಡಿಯಾಗಿ ಟ್ರೇಗೆ ಉದುರಿದವು, ಒಳಗೆ ಕನ್ನಡಿಯಂಥ ಗೋಡೆ ಹೊಳೆಯಿತು. ಆಗ ನನಗಾದದ್ದು ನಿರಾಳ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ನಿರಾಳಕ್ಕೆ ಮರುಕ್ಷಣವೇ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಎರಡು ದಿನ ಆರಾಮವಾಗಿಯೇ ಇದ್ದೆ.

ಮೂರನೆಯ ದಿನ ಗೆಳೆಯರೊಂದಿಗೆ ಐಹೊಳೆಗೆ ಹೋಗುವುದಿತ್ತು. ಅಲ್ಲಿ, ಪಟ್ಟದಕಲ್ಲಿನಲ್ಲೂ, ಗುಡಿಯ ಗೋಡೆಯಲ್ಲಿ ಕಲ್ಲು ಬಿದ್ದುಹೋದ ಕಡೆ ಕೆತ್ತನೆಯಿಲ್ಲದ ಸಾದಾ ಕಲ್ಲು ಕೂರಿಸಿರುವುದನ್ನು ನೀವೂ ನೋಡಿರಬಹುದು. ಚಿಕ್ಕವನಿದ್ದಾಗ ಅದನ್ನು ಸರಕಾರಿ ಸೋಮಾರಿತನ ಎಂದುಕೊಂಡಿದ್ದೆ. ಅದರ ಹಿಂದೆ ಒಂದು ತತ್ವವಿದೆ. ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ವೆನಿಸ್‌ನಲ್ಲಿ ಒಪ್ಪಿದ ಸನದು ಹೇಳುವಂತೆ, ಬಿದ್ದುಹೋದ ಭಾಗದ ಜಾಗಕ್ಕೆ ಹಾಕುವುದು ಒಟ್ಟಿಗೆ ಹೊಂದಬೇಕು, ಆದರೆ ಹಳೆಯದಲ್ಲ ಎಂದು ತಿಳಿಯುವಂತೆಯೂ ಇರಬೇಕು. ಇಲ್ಲವಾದರೆ ರಿಪೇರಿಯೇ ಸುಳ್ಳು ಸಾಕ್ಷಿಯಾಗುತ್ತದೆ. (ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದೂ ಅದೇ 1964ರಲ್ಲಿ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ನೆನಪಾಯಿತು.) ಆ ಸಾದಾ ಕಲ್ಲಿನ ಎದುರು ನಿಂತಾಗ ನನ್ನ ಎರಡು ದಿನದ ಆರಾಮ ಹೋಯಿತು. ನಾನು ಎಂಜಿನ್ ಸರಿಪಡಿಸುತ್ತಿರಲಿಲ್ಲ, ಸಾಕ್ಷಿ ಅಳಿಸುತ್ತಿದ್ದೆ. ಬೋರು ಹೋಯಿತು. ಕ್ರ್ಯಾಂಕಿಗೆ ಹೊಸ ರಾಡ್ ಹಾಕಲು ಕೊಟ್ಟಾಗಿತ್ತು, ಹಳೆಯದನ್ನು ಮೋಡಕಾಕ್ಕೆ ಎಸೆದಿದ್ದರು. ಉಳಿದದ್ದು ಹಳೆಯ ಪಿಸ್ಟನ್ ಒಂದೇ, ರಿಂಗುಗಳ ಸಮೇತ, ಪಾವಟಿಗೆ ಕೆಳಗಿನ ಎಣ್ಣೆ ಡಬ್ಬಿಯಲ್ಲಿ.

ಮೊದಲು ಕಾಕಾನಿಗೆ ಹೇಳಬೇಕಿತ್ತು. ಹುನಗುಂದಕ್ಕೆ ಹೋಗಿ, ಊಟವಾದ ಮೇಲೆ, ಪಿಸ್ಟನ್ ಮುಂದಿಟ್ಟು ಹೇಳಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದ. ಬೈಯುತ್ತಾನೆ ಎಂದು ಸಿದ್ಧನಾಗಿ ಹೋಗಿದ್ದೆ, ಬೈಯಲಿಲ್ಲ.

"ಇಷ್ಟ್ ವರ್ಷ ಆದ ಮ್ಯಾಲ ಈಗ ಯಾಕ ಹೇಳಿದಿ?"

"ಮನಸ್ಸಿನ್ಯಾಗ ಕೊರೀತಿತ್ತು, ಕಾಕಾ."

"ಅಂದ್ರ ನಿನ್ನ ಭಾರ ನನ್ನ ತಲಿ ಮ್ಯಾಲ ಇಟ್ಟಿ. ಆ ಮನಿಶ್ಯಾಗ ಓಣ್ಯಾಗ ನಿಲ್ಲಿಸಿ ಅಂದಾಂವ ನಾನು. ಇನ್ನ ನಾ ಎಲ್ಲಿ ಇಳಸ್ಲಿ ಇದನ್ನ?"

ನನ್ನ ಬಳಿ ಉತ್ತರವಿರಲಿಲ್ಲ. ಬರ್ನಾರ್ಡ್ ವಿಲಿಯಮ್ಸ್ 1976ರ ತನ್ನ 'ಮಾರಲ್ ಲಕ್' ಪ್ರಬಂಧದಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾನೆ. ಅವನದೇನೂ ತಪ್ಪಿಲ್ಲದೆ ಮಗುವೊಂದು ಲಾರಿಯ ಕೆಳಗೆ ಬರುತ್ತದೆ; ತಪ್ಪಿಲ್ಲದಿದ್ದರೂ ನೋಡಿದವರಿಗಿಲ್ಲದ ಒಂದು ಸಂಕಟ ಅವನಿಗಿರುತ್ತದೆ, ಇರಬೇಕು, ಏಕೆಂದರೆ ಅದು ಅವನ ಕೈಯಿಂದ ಆದದ್ದು. ಈ ಉದಾಹರಣೆಯನ್ನು ನಾನು ಅಧ್ಯಾಯದಲ್ಲಿ ಎಷ್ಟು ಸಲ ತಿದ್ದಿ ಬರೆದಿದ್ದೇನೋ. ಕಾಕಾನ ಎದುರು ಕೂತಾಗ ತಿಳಿಯಿತು, ಆ ಚಾಲಕನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಬರೆಯುತ್ತಿದ್ದೆ. ಅಲ್ಲಿ ಕೂರಬೇಕಾದವನು ಕಾಕಾ. ಸುಳ್ಳು ನಂಬಿ, ತನ್ನ ಬಾಯಿಂದ, ಇನ್ನೊಬ್ಬರ ಹೆಸರು ಕೆಡಿಸಿದವನು. ಪೂರ್ತಿ ನಿರಪರಾಧಿಯೂ ಅಲ್ಲ, ಬಿಚ್ಚಿ ನೋಡಿ ಎಂದಾಗ ನೋಡಲಿಲ್ಲ. ನಾನು ಅವನಿಗಿಂತ ಬೇರೆ. ನನ್ನ ಕೈಯಿಂದ ಆದದ್ದು ಅಪಘಾತವಲ್ಲ. ಎಣ್ಣೆ ಹಾಕದ್ದನ್ನು ಹದಿನೇಳರ ಹುಡುಗನ ಅಲಕ್ಷ್ಯ ಎಂದು ಬಿಡಬಹುದು. 'ಹಾಕೀನ್ರಿ' ಎಂದದ್ದನ್ನು ಬಿಡಲಾಗುವುದಿಲ್ಲ, ಆಮೇಲೆ ಹನ್ನೊಂದು ವರ್ಷ ಸುಮ್ಮನಿದ್ದದ್ದನ್ನು ಮೊದಲೇ ಬಿಡಲಾಗುವುದಿಲ್ಲ, ಅಷ್ಟರಲ್ಲಿ ಹುಡುಗ ದೊಡ್ಡವನಾಗಿ ಹೊಣೆಗಾರಿಕೆಯ ಮೇಲೆ ಫೆಲೋಶಿಪ್ ತೆಗೆದುಕೊಳ್ಳುತ್ತಿದ್ದ.

ಕಾಕಾ ಹೇಳಿದ್ದು ಸರಿ. ತಪ್ಪೊಪ್ಪಿಗೆಯಲ್ಲಿ ಹೇಳುವವನ ಭಾರ ಇಳಿಯುತ್ತದೆ, ಕೇಳುವವನ ಮೇಲೆ ಏರುತ್ತದೆ. ಕ್ಷಮೆ ಕೇಳುವುದೂ ಒಂದು ಬಗೆಯ ಬೇಡಿಕೆಯೇ. ಬಾಗಿಲಲ್ಲಿ ನಿಂತು, ನಾನು ಇಷ್ಟು ಮಾಡಿದ್ದೇನೆ, ಈಗ ನೀವು ದೊಡ್ಡ ಮನಸ್ಸು ಮಾಡಿ ಎಂದರೆ, ಅನ್ಯಾಯಕ್ಕೊಳಗಾದವರಿಗೇ ಮತ್ತೊಂದು ಕೆಲಸ ಹಚ್ಚಿದಂತೆ. ಹಾಗಾದರೆ ಸುಮ್ಮನಿರುವುದು ಲೇಸೇ? ಅದೂ ಅಲ್ಲ. ಇದನ್ನು ಯೋಚಿಸುತ್ತ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ ಬಿಟ್ಟೆ. ಕಡೆಗೆ ತೋಚಿದ್ದು ಇಷ್ಟು: ಚೀಲದಲ್ಲಿದ್ದ ಪಿಸ್ಟನ್ ನನ್ನದಲ್ಲ. ಕಾಕಾನದೂ ಅಲ್ಲ, ಗಾಡಿ ಅವನದಾದರೂ. ಅಂದು ಓಣಿಯಲ್ಲಿ ಅವರು ಕೇಳಿದ್ದು ಇದನ್ನೇ; ಇದು ಅವರ ಸಾಕ್ಷಿ, ಹನ್ನೊಂದು ವರ್ಷ ನಮ್ಮ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಕೊಟ್ಟು ಬರುವುದಕ್ಕೆ ಅವರ ದೊಡ್ಡ ಮನಸ್ಸು ಬೇಕಿಲ್ಲ.

"ನೀನೂ ಬಾ" ಎಂದು ಕಾಕಾನನ್ನು ಕರೆದಿದ್ದೆ. "ನಾ ಬರಂಗಿಲ್ಲ" ಎಂದಿದ್ದ.

ಇಳಕಲ್ಲಿನ ಅವರ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಲೇ ಇರುತ್ತದೆ. ಮಿಸ್ತ್ರಿ ಈಗ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಔಷಧ ಹೊಡೆಯುವ ಪಂಪುಗಳ ಎಂಜಿನ್ ರಿಪೇರಿ ಮಾಡುತ್ತಾರೆ. ಒಳಗೆ ಅವರ ಹೆಂಡತಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ಕಾಕಾನ ಹೆಸರು ಹೇಳಿದ ಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. "ಅವತ್ತ ನಾ ಎಣ್ಣಿ ಹಾಕಿರಲಿಲ್ರೀ, ಸುಳ್ಳ ಹೇಳಿದ್ದೆ" ಎಂದಷ್ಟೇ ಹೇಳಿ ಪಿಸ್ಟನ್ ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದರು. ಸುತ್ತಲೂ ತಿರುಗಿಸಿದರು. ಗೀರಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಎಣ್ಣೆ ಬಟ್ಟೆಯಿಂದ ರಿಂಗಿನ ತುದಿಗಳನ್ನು ಒರೆಸಿ, ಪಿನ್ ನೋಡಿ, ಒಳಗೆ ಕೂಗಿದರು: "ಏ, ಇಲ್ಲಿ ಬಾ." ಮಗ್ಗ ನಿಂತಿತು. ಅವರ ಹೆಂಡತಿ ಬಾಗಿಲಿಗೆ ಬಂದರು. "ಹುನಗುಂದದ ಯೆಜ್ಡೀದು. ನೋಡು, ರಿಂಗ್ ಹೆಂಗ ಕುಂತಾವು."

ಆ ತಾಯಿಗೆ ರಿಂಗಿನ ವಿಷಯ ಎಷ್ಟು ಗೊತ್ತೋ ತಿಳಿಯದು. ಬಗ್ಗಿ ನೋಡಿದರು. ನನ್ನನ್ನೂ ಒಮ್ಮೆ ನೋಡಿದರು. ಏನೂ ಅನ್ನದೆ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಗ್ಗದ ಸದ್ದು ಮತ್ತೆ ಶುರುವಾಯಿತು.

"ಬೋರ್ ಎಷ್ಟ ಮಾಡಿಸಿದಿ?" ಮಿಸ್ತ್ರಿ ಕೇಳಿದರು.

"ಅರ್ಧ ಮಿಲಿಮೀಟರ್ ರೀ."

"ಸೀಲ್?"

"ಎರಡೂ ಹೊಸಾವು. ಕಿಂಡಿ ರಬ್ಬರ್ ಹಚ್ಚಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡದು, ಸಾಬೂನು ನೀರು ಹಾಕಿ ನೋಡೀನ್ರಿ. ಗುಳ್ಳಿ ಬರಲಿಲ್ಲ."

ಹ್ಞೂಂ ಎಂದರು. ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ, ಕಟ್ಟೆಯ ಪಕ್ಕದ ಗೂಡಿನಲ್ಲಿ, ಪ್ಲಗ್ ಡಬ್ಬಿಗಳ ಹಿಂದೆ ಇಟ್ಟರು. ಚಹಾ ಕುಡಿ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಬಿಚ್ಚಿಟ್ಟಿದ್ದ ಪಂಪಿನ ಕಾರ್ಬ್ಯುರೇಟರನ್ನು ಮತ್ತೆ ಕೈಗೆತ್ತಿಕೊಂಡು ಊದಿದರು. ನಾನು ಎದ್ದು ಚಪ್ಪಲಿ ಮೆಟ್ಟುವಾಗ, ತಲೆ ಎತ್ತದೆಯೇ ಅಂದರು:

"ಹೊಸಾ ಬೋರ್ ಐತಿ. ಮೊದಲ ಐದ್ನೂರು ಕಿಲೋಮೀಟರ್ ಎಣ್ಣಿ ಸ್ವಲ್ಪ ಹೆಚ್ಚ ಬೇಕು. ನೀ ಹಾಕಬ್ಯಾಡ. ನಿಮ್ಮ ಕಾಕಾಗ ಹಾಕಾಕ ಹೇಳು."